ಕೊನೆಗೆ ಬಂದವರು ಲೋಟ ತೊಳೆಯಬೇಕು

ಫೆಬ್ರವರಿ 4

ಪ್ರೀತಿಯ ದೊಡ್ಡಮ್ಮ,

ಫೋನ್ ಮಾಡಿದರೆ "ಈ ಲೈನೇ ಸರಿಯಿಲ್ಲ, ಏನಿದ್ರೂ ಬರೆದು ಹಾಕು" ಎಂದು ಪಟ್ಟನೆ ಇಟ್ಟುಬಿಡುತ್ತೀಯ. ಸರಿ, ಬರೆಯುತ್ತಿದ್ದೇನೆ. ಓದಿ ನಗಬೇಡ, ನಿಜಕ್ಕೂ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಊರಿನ ಕ್ಲಿನಿಕ್‌ಗಳಿಂದ ರಕ್ತದ ಸ್ಯಾಂಪಲ್‌ಗಳನ್ನು ನಮ್ಮ ಲ್ಯಾಬಿಗೆ ತರುವ ಎಂಟು ಜನ ಬೈಕ್ ಸವಾರರಿದ್ದಾರೆ. ಯಾರು ಯಾವ ಕಡೆಗೆ ಯಾವಾಗ ಹೋಗಬೇಕೆಂದು ನೋಡಿಕೊಳ್ಳುವವಳು ನಾನು. ಅವರಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವವನಿಗೆ ಬಾಣ ಎಂದು ಹೆಸರು. ಹೋದ ವಾರ ಆ ಬಾಣ ಸೇತುವೆಯ ಇಳಿಜಾರಿನಲ್ಲಿ ಬಿದ್ದು ಭುಜದ ಮೂಳೆ ಮುರಿದುಕೊಂಡ. ನಾಯಿ ಅಡ್ಡ ಬಂತಂತೆ. ಇದಕ್ಕೆ ಮುಂಚೆ ಇನ್ನೂ ಮೂವರು ಬಿದ್ದಿದ್ದರು, ಆದರೆ ಅವರದೆಲ್ಲ ತರಚು ಗಾಯ, ಹರಿದ ಪ್ಯಾಂಟು, ಅಷ್ಟೇ.

ನಮ್ಮ ಮುಖ್ಯಸ್ಥರು ನನ್ನನ್ನು ಕರೆಸಿ ಕೂರಿಸಿ ಹೇಳಿದರು: "ನೋಡಮ್ಮಾ, ಏಪ್ರಿಲ್ ಮುಗಿಯೋದ್ರೊಳಗೆ ಇನ್ನೊಬ್ಬ ಬಿದ್ರೂ ಬೈಕ್‌ಗಳನ್ನ ಮಾರಿಬಿಡ್ತೀನಿ. ಹೊರಗಿನ ವ್ಯಾನ್‌ನವರು ಮಾಡ್ಲಿ ಈ ಕೆಲಸ. ಇನ್ನೊಂದು ಮನೆ ಬಾಗಿಲು ತಟ್ಟೋಕೆ ನನ್ನ ಕೈಲಾಗಲ್ಲ." ಅವರು ಕಟುಕರಲ್ಲ ದೊಡ್ಡಮ್ಮ. ಬಾಣ ಬಿದ್ದ ಸುದ್ದಿಯನ್ನು ಅವನ ಮನೆಗೆ ಮುಟ್ಟಿಸಲು ಅವರೇ ಹೋಗಿದ್ದರು. ಅವನ ತಾಯಿ ಬಾಗಿಲಲ್ಲೇ ಕುಸಿದು ಕೂತರಂತೆ.

ಎಂಟು ಮನೆಗಳ ಅನ್ನ ನನ್ನ ತಲೆಯ ಮೇಲಿದೆ. ಹೇಳಿ ಹೇಳಿ ನಾಲಿಗೆ ಸವೆದಿದೆ. "ಆಯ್ತಕ್ಕಾ, ಆಯ್ತಕ್ಕಾ" ಎನ್ನುತ್ತಾರೆ, ಗೇಟು ದಾಟಿದ ಕೂಡಲೇ ಗಾಳಿಗೆ ರೆಕ್ಕೆ ಬಂದಂತೆ ಹೋಗುತ್ತಾರೆ. ನೀನು ಹೆರಿಗೆ ನರ್ಸ್ ಆಗಿ ಮೂವತ್ತು ವರ್ಷ ಹೊತ್ತಿಲ್ಲದ ಹೊತ್ತಿನಲ್ಲಿ ಬೈಕ್ ಓಡಿಸಿದವಳು, ಒಂದು ಸಲವೂ ಬಿದ್ದವಳಲ್ಲ. ಸವಾರ ಯಾವುದಕ್ಕೆ ಬಗ್ಗುತ್ತಾನೆ, ನೀನೇ ಹೇಳು. ದೊಡ್ಡಪ್ಪನ ಹೊಲಿಗೆ ಅಂಗಡಿ ಹೇಗಿದೆ?

ನಿನ್ನ
ಪುಟ್ಟಿ

ಫೆಬ್ರವರಿ 11

ಪುಟ್ಟಿ,

ನಗಬೇಡ ಎಂದು ಬರೆದಿದ್ದೀಯಲ್ಲ, ಅದಕ್ಕೇ ನಕ್ಕೆ. ನಿನ್ನ ಹೆಸರು ಪುಟ್ಟಿ, ಎಂಟು ಜನ ಗಡವರು ನಿನ್ನನ್ನು ಅಕ್ಕಾ ಎನ್ನುತ್ತಾರೆ, ಒಬ್ಬನೂ ಮಾತು ಕೇಳುವುದಿಲ್ಲ. ಇಷ್ಟರಮಟ್ಟಿಗೆ ನೀನು ನಿಮ್ಮಮ್ಮನ ಮಗಳೇ.

ನನ್ನನ್ನು ಕೇಳಿದರೆ ಭಯವೊಂದೇ ಮದ್ದು. ಮೆತ್ತಗೆ ಹೇಳಿದ್ದು ಹೆಲ್ಮೆಟ್ಟಿನೊಳಗೆ ಹೋಗುವುದಿಲ್ಲ. ಆಸ್ಪತ್ರೆಯವರನ್ನು ಕೇಳಿ ನಾಲ್ಕು ಫೋಟೋ ತರಿಸು. ಒಡೆದ ಹೆಲ್ಮೆಟ್ಟು, ನಜ್ಜುಗುಜ್ಜಾದ ಬೈಕು, ಬ್ಯಾಂಡೇಜಿನಲ್ಲಿ ಮುಳುಗಿದ ಕಾಲು. ದೊಡ್ಡದಾಗಿ ಮಾಡಿಸಿ ಅವರು ಚಹಾ ಕುಡಿಯುವ ಗೋಡೆಗೆ ಹೊಡಿ. ಗಂಟಲಲ್ಲಿ ಚಹಾ ಇಳಿಯಬಾರದು, ಹಾಗಿರಲಿ.

ನಾನು ಯಾಕೆ ಬೀಳಲಿಲ್ಲ ಎಂದು ಕೇಳುತ್ತೀಯ. ನನಗೆ ಕೈ ಚೆನ್ನಾಗಿತ್ತು, ಕಣ್ಣು ಚೆನ್ನಾಗಿತ್ತು. ಈಗಲೂ ಇದೆ. ಎಪ್ಪತ್ತು ಹತ್ತಿರ ಬಂದರೂ ತರಕಾರಿಗೆ, ಬ್ಯಾಂಕಿಗೆ, ಎಲ್ಲದಕ್ಕೂ ನನ್ನ ಬೈಕೇ. ಬೀದಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನೋಡಲಿ.

ಭಯ ಏನು ಮಾಡುತ್ತದೆಂದು ತಿಳಿಯಬೇಕಾದರೆ ನಿನ್ನ ದೊಡ್ಡಪ್ಪನನ್ನು ನೋಡು. ಅಂಥ ಪುಕ್ಕಲ ಇನ್ನೊಬ್ಬನಿಲ್ಲ. ಮದುವೆಯಾದಾಗಿನಿಂದ ಇವತ್ತಿನವರೆಗೆ ನನ್ನ ಬೈಕಿನ ಹಿಂದಿನ ಸೀಟು ಹತ್ತಿಲ್ಲ ಮಹಾರಾಯರು. ಮದುವೆ ಮನೆಗಳಿಗೆ ನಾನು ಬೈಕಿನಲ್ಲಿ ಹೋಗುತ್ತೇನೆ, ಅವರು ಬಸ್ಸಿನಲ್ಲಿ ಬರುತ್ತಾರೆ. ನನ್ನ ಗೆಳತಿಯರೆಲ್ಲ ಇದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. ಆದರೆ ನೋಡು, ಮೈಮೇಲೆ ಒಂದು ಗೀರಿಲ್ಲ ಆ ಮನುಷ್ಯನಿಗೆ, ಸೂಜಿ ಚುಚ್ಚಿದ್ದು ಬಿಟ್ಟರೆ.

ಹೆದರಿಸು. ಆಮೇಲೆ ಬರಿ.

ದೊಡ್ಡಮ್ಮ

ಫೆಬ್ರವರಿ 26

ಪ್ರೀತಿಯ ದೊಡ್ಡಮ್ಮ,

ನಿನ್ನ ಮದ್ದು ಕೊಟ್ಟೆ. ರೋಗಿಗಳು ಮದ್ದನ್ನೇ ಆಟದ ಸಾಮಾನು ಮಾಡಿಕೊಂಡರು.

ಆಸ್ಪತ್ರೆಯವರು ಕೊಟ್ಟ ಫೋಟೋಗಳು ಎಷ್ಟು ಭಯಂಕರವಾಗಿದ್ದವೆಂದರೆ, ಗೋಡೆಗೆ ಮೊಳೆ ಹೊಡೆಯುವಾಗ ನಾನೇ ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. ಮೊದಲ ದಿನ ಎಲ್ಲರೂ ಸುಮ್ಮನೆ ಚಹಾ ಕುಡಿದರು. ಗೆದ್ದೆ ಅಂದುಕೊಂಡೆ. ಎರಡನೇ ದಿನ ಯಾವ ಬೈಕು ಯಾವ ಕಂಪನಿಯದು ಎಂದು ವಾದ ಶುರುವಾಯಿತು. ಬ್ಯಾಂಡೇಜಿನ ಕಾಲಿಗೆ ಯಾರೋ ಪೆನ್ನಿನಲ್ಲಿ ಕಾಲ್ಗೆಜ್ಜೆ ಬರೆದರು. ಈಗ ಆ ಮೊಳೆಗಳಿಗೆ ತಮ್ಮ ಕೋಟು ನೇತುಹಾಕುತ್ತಾರೆ. ಕೋಟಿನ ಕೆಳಗೆ ಒಡೆದ ಹೆಲ್ಮೆಟ್ಟು ಪಾಪ ಇಣುಕುತ್ತಿರುತ್ತದೆ.

ಸಂಚಾರ ಪೊಲೀಸರೊಬ್ಬರನ್ನು ಕರೆಸಿ ಭಾಷಣವನ್ನೂ ಮಾಡಿಸಿದೆ. ಮುಂದಿನ ಸಾಲಿನವರು ತಲೆದೂಗಿದರು, ಹಿಂದಿನ ಸಾಲಿನವರು ತೂಕಡಿಸಿದರು. ಭಾಷಣ ತಡವಾಯಿತೆಂದು ಹೇಳಿ ಆ ಹೊತ್ತನ್ನು ಸರಿದೂಗಿಸಲು ಎಲ್ಲರೂ ಇನ್ನಷ್ಟು ಜೋರಾಗಿ ಹೋದರು!

ದೊಡ್ಡಮ್ಮ, ಕೋಪ ಮಾಡಿಕೊಳ್ಳಬೇಡ, ಆದರೆ ಭಯದ ಮಾತು ನನಗೆ ಸರಿಯೆನಿಸುತ್ತಿಲ್ಲ. ಇವರಿಗೆ ಭಯವಿಲ್ಲ ಎಂದಲ್ಲ. ಯಾವುದೋ ಇನ್ನೊಂದರ ಭಯ ಇದಕ್ಕಿಂತ ದೊಡ್ಡದಿದೆ. ಅದು ಏನು ಎಂದು ಗೊತ್ತಾಗುತ್ತಿಲ್ಲ. ಪ್ರತಿ ಸಲ ಫೋನ್ ಬಡಿದುಕೊಂಡಾಗಲೂ ಹೊರಗಿರುವವರನ್ನು ಮನಸ್ಸಿನಲ್ಲೇ ಎಣಿಸುತ್ತೇನೆ. ಬೇಗ ಬರಿ.

ಪುಟ್ಟಿ

ಮಾರ್ಚ್ 19

ಪುಟ್ಟಿ,

ಕೊಡ ಎತ್ತುವಾಗ ಬಲಗೈ ಉಳುಕಿದೆ. ಹೆಚ್ಚು ಬರೆಯಲಾರೆ.

ಫೋಟೋ ತೆಗೆದುಹಾಕು. ನೀನು ಹೇಳಿದ್ದು ಸರಿ.

ಒಂದೇ ಪ್ರಶ್ನೆ. ನಿನ್ನ ಹುಡುಗರು ವಾಪಸು ಬಂದು ಹೆಲ್ಮೆಟ್ ತೆಗೆದಾಗ ಅವರನ್ನು ಮೊದಲು ಕೇಳುವ ಮಾತು ಯಾವುದು? ಕಿವಿಗೊಟ್ಟು ಕೇಳಿಸಿಕೊಂಡು ಬರಿ.

ದೊಡ್ಡಮ್ಮ

ಮಾರ್ಚ್ 25

ಪ್ರೀತಿಯ ದೊಡ್ಡಮ್ಮ,

ಮೂರು ವಾರ ಕಾದ ಮೇಲೆ ಮೂರೇ ಸಾಲು ಬಂದಿತು. ಅಕ್ಷರಗಳೂ ಸಿಟ್ಟಾಗಿ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿ ಕೂತಿವೆ. ನಿನ್ನ ಸಲಹೆಯನ್ನು ನಾನು ಹೀಗಳೆದೆ ಎಂದು ನೊಂದುಕೊಂಡೆಯಾ? ಕ್ಷಮಿಸಿಬಿಡು. ಕೈ ಉಳುಕಿದ್ದಕ್ಕೆ ಬಿಸಿನೀರಿನ ಶಾಖ ಕೊಡು, ದೊಡ್ಡಪ್ಪನಿಗೆ ಕೊಡ ಎತ್ತಲು ಹೇಳು.

ಆದರೆ ನಿನ್ನ ಪ್ರಶ್ನೆ ಎಂಥ ಪ್ರಶ್ನೆ! ನೀನು ಹೇಳಿದಂತೆ ಮೂಲೆಯಲ್ಲಿ ಕೂತು ಕಿವಿಗೊಟ್ಟೆ. ಒಬ್ಬೊಬ್ಬನೂ ಒಳಗೆ ಬಂದ ಕೂಡಲೇ ಉಳಿದವರು ಕೇಳುವ ಮೊದಲ ಮಾತು: "ಎಷ್ಟೊತ್ತಾಯ್ತೋ?" ಮೊದಲು ಬಂದವನು ಕಿಟಕಿ ಪಕ್ಕದ ಕುರ್ಚಿಯಲ್ಲಿ ಮೆರೆಯುತ್ತಾನೆ. ಕೊನೆಗೆ ಬಂದವನಿಗೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿ ಸ್ವಾಗತ ಮಾಡುತ್ತಾರೆ, ಮತ್ತು ಅವನು ಎಲ್ಲರ ಚಹಾ ಲೋಟ ತೊಳೆಯಬೇಕು.

ಈ ಲೋಟದ ಕಾನೂನು ಮಾಡಿದವರು ಯಾರೂ ಅಲ್ಲ. ಲೋಟ ತೊಳೆಯುತ್ತಿದ್ದ ಹೆಂಗಸು ಮಗಳ ಮನೆಗೆ ಹೋದ ಮೇಲೆ ತಮಾಷೆಗೆ ಶುರುವಾದದ್ದು. ನಾನೂ ದಿನಾ ನೋಡಿ ನಗುತ್ತಿದ್ದೆ. ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ, ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಮೇಷ್ಟ್ರು ಎಂದೇ ಕರೆಯುತ್ತೇವೆ. ನಿಧಾನಸ್ಥರು, ಅದರಿಂದ ಲೋಟ ಹೆಚ್ಚಾಗಿ ಅವರ ಪಾಲಿಗೇ ಬರುತ್ತಿತ್ತು. ಈಚೆಗೆ ಅವರು ಮುಂಚೆ ಬರತೊಡಗಿದ್ದರು. ನಾನು ಭೇಷ್ ಎಂದಿದ್ದೆ. ನಿನ್ನೆ ಮೆತ್ತಗೆ ಕೇಳಿದರೆ ಮುಖ ಕೆಳಗೆ ಹಾಕಿ ಹೇಳಿದರು: "ಏನ್ಮಾಡ್ಲಿ ತಾಯಿ, ಸ್ಪಂಜು ಹಿಡ್ಕೊಂಡು ನಿಂತಾಗ ಆ ಚಪ್ಪಾಳೆ ತಡ್ಕೊಳ್ಳೋಕಾಗಲ್ಲ. ಕೆಂಪು ದೀಪ ದಾಟ್‌ಬಿಡ್ತೀನಿ." ಐವತ್ತು ದಾಟಿದ ಮನುಷ್ಯ, ಒಂದು ರಾಶಿ ಲೋಟಕ್ಕೆ ಹೆದರಿ ಜೀವವನ್ನೇ ಪಣಕ್ಕಿಡುತ್ತಿದ್ದಾರೆ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಈಗ ಬಾಣ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದಾನೆ. ಬೈಕು ಮುಟ್ಟುವಂತಿಲ್ಲ, ನನ್ನ ಪಕ್ಕದಲ್ಲಿ ಕೂತು ಫೋನ್ ನೋಡಿಕೊಳ್ಳುತ್ತಾನೆ. ಲೋಟದ ವಿಷಯ ಅವನಿಗೆ ಹೇಳಿದೆ. ಸ್ವಲ್ಪ ಯೋಚಿಸಿ ಎದ್ದು ನಿಂತು ಸಾರಿಯೇಬಿಟ್ಟ: "ನಾಳೆಯಿಂದ ಮೊದಲು ಬಂದೋನು ಲೋಟ ತೊಳೀಬೇಕು!" ಅವನ ಮಾತೆಂದರೆ ಅಲ್ಲಿ ಎಲ್ಲರಿಗೂ ವೇದವಾಕ್ಯ. ನಾಲ್ಕು ತಿಂಗಳಿನಿಂದ ನಾನು ಗಂಟಲು ಹರಿದುಕೊಂಡದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ನೋಡೋಣ.

ಪುಟ್ಟಿ

ಏಪ್ರಿಲ್ 3

ಪುಟ್ಟಿ,

ಸಿಟ್ಟು ಇಲ್ಲ. ಅಕ್ಷರ ಸೊಟ್ಟಗಾಗಿರುವುದಕ್ಕೆ ಕೈಯನ್ನು ಬೈಯಿ, ನನ್ನನ್ನಲ್ಲ.

ಮೇಷ್ಟ್ರ ಮಾತು ಓದಿದೆ. ಆ ಚಪ್ಪಾಳೆ ನಿಲ್ಲಿಸು.

ನಿನ್ನ ಬಾಣನ ಹೊಸ ಕಾನೂನು ಮಾತ್ರ ಎಡವಟ್ಟಾಗುತ್ತದೆ, ಬರೆದಿಟ್ಟುಕೋ. ಲೋಟದ ಮೇಲೆ ಹಟ ಹಿಡಿದವರು ಯಾವ ತುದಿಯಿಂದ ಬೇಕಾದರೂ ಹಟ ಹಿಡಿದಾರು. ಮೊದಲ ಮಾತು ಯಾವುದು ಎಂಬ ನನ್ನ ಪ್ರಶ್ನೆ ಎಲ್ಲಿಂದ ಬಂತು ಎಂದು ಕೇಳಬೇಡ. ನಿನ್ನ ದೊಡ್ಡಪ್ಪ ನಾನು ಮನೆಗೆ ಬಂದಾಗ ಒಂದು ಮಾತು ಹೇಳುತ್ತಾರೆ. "ಬಂದ್ಯಾ." ಅಷ್ಟೇ. ನಲವತ್ತು ವರ್ಷದಿಂದ ಅದೇ. ಎಲ್ಲಿ, ಯಾಕೆ, ಎಷ್ಟು ಹೊತ್ತು, ಏನೂ ಇಲ್ಲ. ಬರೀ "ಬಂದ್ಯಾ", ಆಮೇಲೆ ಹೊಲಿಗೆ ಯಂತ್ರದ ಶಬ್ದ. ಮೊನ್ನೆ ಮೊನ್ನೆಯವರೆಗೆ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಬೈಕು ಮನೆಯಲ್ಲೇ ನಿಂತಿದೆ. ಕೈ ಸರಿಯಾಗಲಿ ಎಂದು.

ದೊಡ್ಡಮ್ಮ

ಏಪ್ರಿಲ್ 30

ಪ್ರೀತಿಯ ದೊಡ್ಡಮ್ಮ,

ಮೊದಲು ಸುದ್ದಿ: ಬೈಕ್‌ಗಳು ಉಳಿದವು! ಎಂಟೂ ಉಳಿದವು, ಎಂಟು ಜನರೂ ಉಳಿದರು. ಉಳಿದದ್ದನ್ನು ಸಾವಧಾನವಾಗಿ ಓದು.

ನೀನು ಹೇಳಿದ ಹಾಗೆಯೇ ಎಡವಟ್ಟಾಯಿತು. ಮೊದಲು ಬಂದವನು ಲೋಟ ತೊಳೆಯಬೇಕು ಎಂದ ಮೇಲೆ ಮೊದಲು ಬರುವವರೇ ಇಲ್ಲ. ಲ್ಯಾಬಿನ ಟೆಕ್ನಿಷಿಯನ್ ಬಂದು "ಇವತ್ತು ಊರಲ್ಲಿ ಯಾರಿಗೂ ರೋಗವೇ ಇಲ್ವಾ?" ಎಂದು ಕೂಗಾಡಿದರು. ಹೊರಗೆ ಹೋಗಿ ನೋಡಿದರೆ ತಿರುವಿನ ಮರದ ಹಿಂದೆ ಐದು ಬೈಕು ನಿಂತಿವೆ. ಐದು ಜನ ಸ್ಯಾಂಪಲ್ ಪೆಟ್ಟಿಗೆ ಇಟ್ಟುಕೊಂಡು "ನೀನು ಹೋಗು, ನೀನು ಹೋಗು" ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದಾರೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಆಮೇಲೆ ಬೈದೆ. ಆವತ್ತಿನಿಂದ ಅವರವರ ಲೋಟ ಅವರವರೇ ತೊಳೆಯುತ್ತಾರೆ. ಲೋಟದ ಕಥೆ ಅಲ್ಲಿಗೆ ಮುಗಿಯಿತು.

ಆದರೆ ಬದಲಾದದ್ದು ಲೋಟದಿಂದಲ್ಲ. ಅದಾಗಿ ಒಂದು ವಾರಕ್ಕೆ ಒಬ್ಬ ಮೊಣಕಾಲಿನ ಹತ್ತಿರ ಮಣ್ಣು ಮೆತ್ತಿಕೊಂಡು ಬಂದ. ಬಿದ್ದಿರಲಿಲ್ಲ, ಬೀಳುವುದರಲ್ಲಿದ್ದ. "ಗುಂಡಿ ಅಡ್ಡ ಬಂತು" ಎಂದ. ಎಲ್ಲರೂ ಆ ಗುಂಡಿಯನ್ನು ಬೈದರು. ಬಾಣ ಫೋನ್ ಕೆಳಗಿಟ್ಟು ಕೇಳಿದ:

"ಎಂಥ ಗುಂಡಿನೋ ಅದು? ನನ್ನ ನಾಯಿ ಥರದ್ದಾ?"

ಯಾರಿಗೂ ಅರ್ಥವಾಗಲಿಲ್ಲ.

"ನಾಯಿ ಇರ್ಲಿಲ್ಲ ಕಣ್ರೋ. ನೀವು ಎಷ್ಟು ಹಿಂದೆ ಇದ್ದೀರ ಅಂತ ತಿರುಗಿ ನೋಡ್ದೆ. ಅಷ್ಟರಲ್ಲಿ ಬಿದ್ದಿದ್ದೆ."

 ಮೇಷ್ಟ್ರು ಲೋಟ ಕೆಳಗಿಟ್ಟು, "ನಾನು ಜಾರಿ ಬಿದ್ನಲ್ಲ, ಆ ರಸ್ತೇಲಿ ಎಣ್ಣೆ ಚೆಲ್ಲಿತ್ತು ಅಂದಿದ್ದೆ. ಎಣ್ಣೇನೂ ಇರ್ಲಿಲ್ಲಪ್ಪ" ಎಂದರು. ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮಣ್ಣು ಮೆತ್ತಿಕೊಂಡವನು ಕೂಡ ತನ್ನ ಗುಂಡಿಯನ್ನು ವಾಪಸು ತೆಗೆದುಕೊಂಡ. ಅಲ್ಲಿಂದ ಶುರುವಾಯಿತು. ಈಗ ಚಹಾ ಕುಡಿಯುತ್ತಾ ಮಾತು ಬರುವುದು ಎಲ್ಲಿ ತಪ್ಪಾಯಿತು, ಎಲ್ಲಿ ಎದೆ ಹಾರಿತು, ಯಾವ ಶಾಲೆಯ ಗೇಟಿನ ಮುಂದೆ ಮಕ್ಕಳು ಒಮ್ಮೆಲೇ ನುಗ್ಗುತ್ತಾರೆ ಎಂದು. ಯಾರು ಎಷ್ಟು ಬೇಗ ಬಂದರೆಂದು ಕೇಳುವವರಿಲ್ಲ. ಕೇಳಿದರೆ ಬಾಣ ಮುಖ ನೋಡುತ್ತಾನೆ, ಅಷ್ಟು ಸಾಕು.

ಬಾಣ ಒಬ್ಬನೇ ಇದ್ದಾಗ ಅವನಿಗೇನಾಯಿತೆಂದು ಕೇಳಿದೆ. "ಅಕ್ಕಾ, ಇಲ್ಲಿ ಕೂತು ಕಾಯೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ. ಒಬ್ಬೊಬ್ಬನೂ ಗೇಟು ದಾಟಿ ಒಳಗೆ ಬರೋವರೆಗೂ ಕಣ್ಣು ಗೇಟಿನ ಮೇಲೇ ಇರುತ್ತೆ. ನಮ್ಮಮ್ಮ ದಿನಾ ಇದನ್ನೇ ಮಾಡ್ತಿದ್ಲಾ?" ಎಂದ.  

ಇವತ್ತು ಮುಖ್ಯಸ್ಥರು ಬಂದರು. ಫೆಬ್ರವರಿಯಿಂದ ಯಾರೂ ಬಿದ್ದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ನಂಬಿಕೆ ಸಾಲದೆ ಸುಮ್ಮನೆ ಮೂಲೆಯಲ್ಲಿ ಚಹಾ ಹಿಡಿದು ಕೂತರು. ಸವಾರರು ಒಬ್ಬೊಬ್ಬರೇ ಬಂದು ತಮ್ಮ ತಮ್ಮ ತಪ್ಪನ್ನು ಹೇಳಿಕೊಂಡದ್ದನ್ನು ಕೇಳಿದರು. ಏಳುವಾಗ, "ನಾನೂ ಇವತ್ತು ಬರ್ತಾ ಕಾರಲ್ಲಿ ಫೋನ್ ನೋಡ್ತಿದ್ದೆ ಕಣಮ್ಮಾ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಆಮೇಲೆ ಜೋರಾಗಿ, "ಬೈಕ್ ಇರ್ಲಿ" ಎಂದರು. ಮೇಷ್ಟ್ರು ಕಣ್ಣೊರೆಸಿಕೊಂಡರು. ನಾನಂತೂ ಎಲ್ಲರೆದುರಿಗೆ ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಯೇ ಆಗಲಿಲ್ಲ.

ನಿನ್ನ ಒಂದು ಪ್ರಶ್ನೆಯಿಂದ ಇಷ್ಟೆಲ್ಲ ಆಯಿತು. ಕೈ ಸರಿಹೋಯಿತೇ?

ಪುಟ್ಟಿ

ಮೇ 10

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸಂತೋಷಕ್ಕೆ ಒಂದು ಸಲ, ಸಂಕಟಕ್ಕೆ ಒಂದು ಸಲ. ನಿನ್ನ ಹುಡುಗರು ಒಬ್ಬರೆದುರಿಗೆ ಒಬ್ಬರು ಹೇಳಿಕೊಂಡಿದ್ದಾರೆ. ನಾನು ಮಾತ್ರ ಯಾಕೆ ದೊಡ್ಡಸ್ತಿಕೆ ಹೊತ್ತುಕೊಂಡು ಕೂರಲಿ?

ನಮ್ಮ ಮನೆಯಲ್ಲೂ ಕೊಡ ಇರಲಿಲ್ಲ, ಪುಟ್ಟಿ.

ಮಾರ್ಚ್ ಮೊದಲಲ್ಲಿ ನಾನು ಬಿದ್ದೆ. ಮಾರುಕಟ್ಟೆಯ ಹತ್ತಿರ ಬಲಕ್ಕೆ ತಿರುಗಿದೆ. ಹಿಂದೆ ಒಂದು ವ್ಯಾನು ಹಾರನ್ ಹೊಡೆಯುತ್ತಲೇ ಇತ್ತಂತೆ, ಬೀದಿಗೆಲ್ಲ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ಫೋನಿನ ಲೈನು ಸರಿಯಾಗಿಯೇ ಇದೆ, ನನ್ನ ಕಿವಿಯೇ ಹೋಗುತ್ತಿದೆ. ಎರಡು ವರ್ಷವಾಯಿತು, ಯಾರಿಗೂ ಹೇಳಿರಲಿಲ್ಲ. ವ್ಯಾನಿನವನು ಪುಣ್ಯಾತ್ಮ, ಗಾಡಿಯನ್ನು ಪಕ್ಕಕ್ಕೆ ಎಳೆದ. ಮಣಿಕಟ್ಟು ಬಿರುಕು ಬಿಟ್ಟಿತು, ಅಷ್ಟಕ್ಕೇ ಮುಗಿಯಿತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಆಟೋದಲ್ಲಿ ಮನೆಗೆ ಬಂದೆ. ನಿನ್ನ ದೊಡ್ಡಪ್ಪ ಹೊಲಿಯುವುದನ್ನು ನಿಲ್ಲಿಸಿ ನೋಡಿದರು. "ಬಂದ್ಯಾ" ಎಂದರು. ಯಂತ್ರ ಮತ್ತೆ ಶುರುವಾಗಲಿಲ್ಲ. ಅದು ನನಗೆ ಕೇಳಿಸದಿದ್ದರೂ ಗೊತ್ತಾಯಿತು, ಏಕೆಂದರೆ ಅವರ ಕಾಲು ಪೆಡಲಿನ ಮೇಲೆ ಹಾಗೇ ನಿಂತುಬಿಟ್ಟಿತ್ತು. ಆ ಮನುಷ್ಯ ಅಷ್ಟು ವರ್ಷ ಒಂದು ಮಾತಿನಲ್ಲಿ ಎಷ್ಟು ಅಡಗಿಸಿಟ್ಟಿದ್ದರೋ! ನಾನು ಬೀಳದೇ ಇದ್ದದ್ದು ಕೈಚಳಕದಿಂದ ಎಂದು ಜಂಬ ಕೊಚ್ಚಿಕೊಂಡೆ. ಯೋಚಿಸಿದರೆ, ತಿರುವಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟಾಗಲೆಲ್ಲ ನನ್ನ ಮನಸ್ಸಿನಲ್ಲಿ ಇದ್ದದ್ದು ನಮ್ಮ ಮನೆಯ ಬಾಗಿಲೇ.

ಕಿವಿಗೆ ಯಂತ್ರ ಹಾಕಿಸಿಕೊಂಡೆ. ಹೆಲ್ಮೆಟ್ಟಿನೊಳಗೆ ಅದು ಕುಯ್ಯೋ ಎನ್ನುತ್ತದೆ, ತಲೆ ಚಿಟ್ಟು ಹಿಡಿಯುತ್ತದೆ. ಮೆಕ್ಯಾನಿಕ್ ಎರಡೂ ಕಡೆ ದೊಡ್ಡ ಕನ್ನಡಿ ಹಾಕಿಕೊಟ್ಟ. ಆದರೂ ಬೈಕು ಮುಟ್ಟಲು ಮನಸ್ಸಾಗಲಿಲ್ಲ. ಮಾರಿಬಿಡೋಣ ಎಂದು ನಿಮ್ಮ ಮುಖ್ಯಸ್ಥರ ಹಾಗೆ ನಾನೂ ಹೇಳಿದೆ. ನಿನ್ನ ದೊಡ್ಡಪ್ಪ ದಾರ ಕತ್ತರಿಸುತ್ತಾ, "ನಾನು ಹಿಂದೆ ಕೂರ್ತೀನಿ. ನನಗೆ ಕಿವಿ ಚೆನ್ನಾಗಿದೆ" ಎಂದರು.

ನಾನು ನಂಬಲಿಲ್ಲ. ಆದರೆ ಮೊನ್ನೆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೊಸ ಹೆಲ್ಮೆಟ್ಟು ತಲೆಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಬಲಗಡೆಯಿಂದ ಗಾಡಿ ಬಂದರೆ ಬಲಭುಜ ತಟ್ಟುವುದು, ಎಡಗಡೆಯಾದರೆ ಎಡಭುಜ, ಅದು ಅವರದೇ ಏರ್ಪಾಡು. ಸೈಕಲ್ಲಿಗೂ ತಟ್ಟಿದರು, ತಳ್ಳುಗಾಡಿಗೂ ತಟ್ಟಿದರು, ನಿಂತ ಲಾರಿಗೂ ತಟ್ಟಿದರು. ಮಾರುಕಟ್ಟೆ ತಲುಪುವಷ್ಟರಲ್ಲಿ ನನ್ನ ಭುಜ ಡೋಲಾಗಿತ್ತು. ಎಷ್ಟು ನಿಧಾನವಾಗಿ ಹೋದೆನೆಂದರೆ ಶಾಲೆಯ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ನಮ್ಮನ್ನು ಹಿಂದೆ ಹಾಕಿ ಗಂಟೆ ಬಾರಿಸಿ ಹೋದಳು. ಒಂದು ಚೂರೂ ಬೇಜಾರಾಗಲಿಲ್ಲ. ಅವರು ಹಿಂದೆ ಕೂತಿದ್ದಾಗ ಆಕ್ಸಿಲರೇಟರ್ ತಿರುಗಿಸಲು ಕೈ ಬರುವುದೇ ಇಲ್ಲ.

ತರಕಾರಿ ಕೊಂಡು ಕೆರೆಯ ಪಕ್ಕದ ಬೆಂಚಿನಲ್ಲಿ ಕೂತೆವು. ಮನುಷ್ಯ ಮಗುವಿನ ಹಾಗೆ ಖುಷಿಯಾಗಿದ್ದರು. ಹೆಲ್ಮೆಟ್ಟು ತೆಗೆದ ಮೇಲೆ ಕೂದಲೆಲ್ಲ ನೆಟ್ಟಗಾಗಿತ್ತು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಇಷ್ಟು ಚೆನ್ನಾಗಿ ಕೂತ್ಕೊಳ್ಳೋರು ನಲವತ್ತು ವರ್ಷ ಯಾಕ್ರೀ ಹತ್ತಲಿಲ್ಲ? ಅಷ್ಟೊಂದು ಭಯ ಏನಿತ್ತು?"

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು.

"ಭಯ ಎಲ್ಲಿತ್ತು? ನೀನು ಕರೆದಿದ್ರೆ ತಾನೇ?"

ನನಗೆ ಚೆನ್ನಾಗಿಯೇ ಕೇಳಿಸಿತು, ಪುಟ್ಟಿ. ಆದರೂ ಕಿವಿ ಹತ್ತಿರ ತಂದು ಇನ್ನೊಂದು ಸಲ ಹೇಳಿಸಿಕೊಂಡೆ.

ದೊಡ್ಡಮ್ಮ